ಸಾಂಭರ್ ಉಪ್ಪು ಕೆರೆಯ ಹಕ್ಕಿಗಳು ಸತ್ತದ್ದು ಹೇಗೆ: ಬೀದರಿನ ಪಶುವೈದ್ಯನ ಕಣ್ಣಲ್ಲಿ ಒಂದು ಪ್ರಕರಣ

2019ರ ನವೆಂಬರ್ ಎರಡನೇ ವಾರ. ರಾಜಸ್ಥಾನದ ಸಾಂಭರ್ ಉಪ್ಪು ಸರೋವರದ ದಂಡೆಯಲ್ಲಿ ಹಕ್ಕಿಗಳು ರಾಶಿ ರಾಶಿಯಾಗಿ ಸತ್ತು ಬಿದ್ದಿದ್ದವು. ಮೊದಲು ಪತ್ರಿಕೆಗಳು ಸಾವಿರ, ಎರಡು ಸಾವಿರ ಅಂದವು. ಹೆಣ ಎತ್ತುತ್ತಾ ಹೋದ ಹಾಗೆ ಲೆಕ್ಕ ಏರುತ್ತಾ ಹೋಯಿತು. ಕೊನೆಗೆ ಸರ್ಕಾರದ ಲೆಕ್ಕವೇ 18 ಸಾವಿರ ದಾಟಿತು. ಕೆಸರಲ್ಲಿ ಹೂತುಹೋದವು, ನಾಯಿ ಎಳೆದುಕೊಂಡು ಹೋದವು ಆ ಲೆಕ್ಕಕ್ಕೆ ಸಿಗುವುದಿಲ್ಲ.

ಬೀದರ್ ಜಿಲ್ಲೆಯ ಪಶು ಆಸ್ಪತ್ರೆಯಲ್ಲಿ ಕೂತವನಿಗೆ ಇದರ ಉಸಾಬರಿ ಯಾಕೆ ಅಂತ ಕೇಳಬಹುದು. ನಮ್ಮಲ್ಲಿ ಉಪ್ಪು ಕೆರೆಯೂ ಇಲ್ಲ, ಮರುಭೂಮಿಯೂ ಇಲ್ಲ. ಕಾರಂಜಾ ಜಲಾಶಯದ ನೀರು ಸಿಹಿ ನೀರು. ಆದರೂ ನಾನು ಪಶುಸಖಿಯರಿಗೆ, ಅಂದರೆ ಹಳ್ಳಿಗಳಲ್ಲಿ ದನಕರುಗಳ ಆರೈಕೆಗೆ ನೆರವಾಗುವ ಹೆಣ್ಣುಮಕ್ಕಳಿಗೆ, ತರಬೇತಿ ಕೊಡುವಾಗ ಈ ಪ್ರಕರಣವನ್ನು ತಪ್ಪದೇ ಹೇಳುತ್ತೇನೆ. ಒಂದು ಕಾರಣ, ಅಲ್ಲಿ ಹಕ್ಕಿಗಳನ್ನು ಕೊಂದ ವಿಷ ದನಗಳನ್ನೂ ಕೊಲ್ಲಬಲ್ಲದು. ಇನ್ನೊಂದು ಕಾರಣ, ರೋಗದ ಹೆಸರು ಗೊತ್ತಾದ ಕೂಡಲೇ ಎಲ್ಲರೂ ಪ್ರಕರಣ ಮುಗಿಯಿತು ಅಂದುಕೊಂಡರು. ನನ್ನ ಪ್ರಕಾರ ಹೆಸರು ಸಿಕ್ಕ ಮೇಲೆ ಕೇಳಬೇಕಾದ ಪ್ರಶ್ನೆಗಳೇ ಜಾಸ್ತಿ. ಆ ವಿಷ ತಯಾರಾಗಲು ಜಾಗ ಮಾಡಿಕೊಟ್ಟವರು ಯಾರು? ಮೊದಲ ನೂರು ಹೆಣ ಬಿದ್ದಾಗ ಎತ್ತಬೇಕಾಗಿದ್ದವರು ಯಾರು?

ಕೆರೆ ಎಂಥದು

ಸಾಂಭರ್ ಇರುವುದು ಜೈಪುರದಿಂದ ಸುಮಾರು 80 ಕಿಲೋಮೀಟರ್ ದೂರದಲ್ಲಿ. ಸಮುದ್ರದಿಂದ ದೂರ, ಒಳನಾಡಿನಲ್ಲಿರುವ ಉಪ್ಪು ಸರೋವರಗಳಲ್ಲಿ ನಮ್ಮ ದೇಶದಲ್ಲೇ ದೊಡ್ಡದು. ತುಂಬಿದಾಗ ಸುಮಾರು 190ರಿಂದ 230 ಚದರ ಕಿಲೋಮೀಟರ್ ಹರಡುತ್ತದೆ. ಅಷ್ಟು ಅಗಲ ಇದ್ದರೂ ಆಳ ಇಲ್ಲ. ಮಳೆಗಾಲದ ಕೊನೆಗೆ ಹೆಚ್ಚೆಂದರೆ ಮೂರು ಮೀಟರ್, ಬೇಸಿಗೆಯಲ್ಲಿ ಬಹುಪಾಲು ಬಿಳಿ ಬಯಲು.

ಮೆಂಢಾ, ರೂಪನಗಢ ಮೊದಲಾದ ಮಳೆಗಾಲದ ಹೊಳೆಗಳು ಅರಾವಳಿ ಕಡೆಯಿಂದ ನೀರು ತರುತ್ತವೆ. ಬಂದ ನೀರು ಹೊರಗೆ ಹೋಗಲು ದಾರಿಯೇ ಇಲ್ಲ. ಹೋಗುವುದಿದ್ದರೆ ಆವಿಯಾಗಿ ಮೇಲಕ್ಕೆ ಹೋಗಬೇಕು, ಉಪ್ಪು ಮಾತ್ರ ಅಲ್ಲೇ ಉಳಿಯುತ್ತದೆ. ಸಾವಿರಾರು ವರ್ಷ ಹೀಗೇ ನಡೆದರೆ ಏನಾಗುತ್ತದೆ ಅನ್ನುವುದಕ್ಕೆ ಸಾಂಭರ್ ಉದಾಹರಣೆ. ಈ ಉಪ್ಪು ಮೂಲದಲ್ಲಿ ಎಲ್ಲಿಂದ ಬಂತು ಅನ್ನುವ ಬಗ್ಗೆ ಜಗಳ ಹಳೆಯದು. ಕಚ್ಛಿನ ರಣದಿಂದ ಗಾಳಿ ಹೊತ್ತು ತಂದಿತು ಅಂತ 1909ರಲ್ಲೇ ಹಾಲೆಂಡ್ ಮತ್ತು ಕ್ರಿಸ್ಟಿ ಎಂಬ ಇಬ್ಬರು ವಾದಿಸಿದ್ದರು. ಅರಾವಳಿಯ ಕಲ್ಲು ಸವೆದು ಬಂದದ್ದು ಅನ್ನುವವರೂ ಇದ್ದಾರೆ.

ಊರಿನವರಿಗೆ ಈ ಜಗಳ ಬೇಡ. ಅವರ ಪ್ರಕಾರ ಅದು ಶಾಕಂಭರಿ ದೇವಿ ಕೊಟ್ಟದ್ದು. ಬಾದಾಮಿಯ ಬನಶಂಕರಿಯನ್ನೂ ನಾವು ಶಾಕಂಬರಿ ಅಂತಲೇ ಪೂಜಿಸುತ್ತೇವೆ, ತರಕಾರಿಯಿಂದ ಅಲಂಕಾರ ಮಾಡುತ್ತೇವೆ. ಬರಗಾಲದಲ್ಲಿ ಕಾಯಿಪಲ್ಯ ಕೊಟ್ಟ ದೇವಿ ಅಲ್ಲಿ ಒಂದು ಹುಲ್ಲುಕಡ್ಡಿಯೂ ಏಳದ ಬಯಲಿನ ಪಕ್ಕ ನೆಲೆಸಿದ್ದಾಳೆ. ಇದು ನನಗೆ ಯಾವಾಗಲೂ ಮಜಾ ಅನಿಸುತ್ತದೆ.

ಹುಲ್ಲು ಏಳುವುದಿಲ್ಲ ಅಂದ ಮಾತ್ರಕ್ಕೆ ಜೀವ ಇಲ್ಲ ಅಂದುಕೊಳ್ಳಬಾರದು. ಉಪ್ಪು ಜಾಸ್ತಿಯಾದಂತೆ ಬದುಕುವ ಜಾತಿಗಳು ಕಡಿಮೆಯಾಗುತ್ತವೆ. ಆದರೆ ಉಳಿದವು ಎಣಿಕೆಗೆ ಸಿಗದಷ್ಟು ಹೆಚ್ಚುತ್ತವೆ, ಯಾಕೆಂದರೆ ಅವನ್ನು ತಿನ್ನುವ ಮೀನು ಅಲ್ಲಿ ಬದುಕುವುದಿಲ್ಲ. ಕಡು ಉಪ್ಪಿನ ಮಡಿಗಳಲ್ಲಿ ನೀರು ಗುಲಾಬಿ ಬಣ್ಣಕ್ಕೆ ತಿರುಗುವುದನ್ನು ಫೋಟೋಗಳಲ್ಲಿ ನೋಡಿರುತ್ತೀರಿ. ಅದು ಡುನಾಲಿಯೆಲ್ಲಾ ಎಂಬ ಪಾಚಿ ಮತ್ತು ಉಪ್ಪನ್ನೇ ಬಯಸುವ ಸೂಕ್ಷ್ಮಜೀವಿಗಳ ಬಣ್ಣ. ಸ್ವಲ್ಪ ಕಡಿಮೆ ಉಪ್ಪಿದ್ದು ಕ್ಷಾರ ಜಾಸ್ತಿ ಇರುವ ನೀರಿನಲ್ಲಿ ಸ್ಪಿರುಲಿನಾ ಬೆಳೆಯುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಮಾತ್ರೆಯಾಗಿ ಸಿಗುತ್ತದಲ್ಲ, ಅದೇ. ಚಿಕ್ಕ ರಾಜಹಂಸಗಳಿಗೆ ಅದೇ ಊಟ. ಅವು ತಲೆ ಕೆಳಗೆ ಮಾಡಿ, ಕೊಕ್ಕನ್ನು ತಿರುವುಮುರುವಾಗಿ ನೀರಲ್ಲಿ ಅದ್ದಿ, ನಾಲಗೆಯಿಂದ ನೀರನ್ನು ಒಳಗೆ ಎಳೆದು ಹೊರಗೆ ತಳ್ಳುತ್ತವೆ. ಕೊಕ್ಕಿನ ಅಂಚಿನ ಜಾಲರಿಯಲ್ಲಿ ಪಾಚಿ ಸಿಕ್ಕಿಕೊಳ್ಳುತ್ತದೆ. ದೊಡ್ಡ ರಾಜಹಂಸ ಸಿಗಡಿಯಂಥ ಸಣ್ಣ ಜೀವಿಗಳನ್ನೂ ಹುಳಗಳನ್ನೂ ಸೋಸಿ ತಿನ್ನುತ್ತದೆ. ರಾಜಹಂಸದ ಗುಲಾಬಿ ಬಣ್ಣ ಬರುವುದು ಈ ಊಟದಿಂದಲೇ.

ಇಂಥ ಕೆರೆ ಒಣಗುವುದು ರೋಗವಲ್ಲ. ಪ್ರತಿ ವರ್ಷ ಒಣಗಿ, ಬಿರುಕು ಬಿಟ್ಟು, ಮಳೆ ಬಂದಾಗ ಮತ್ತೆ ತುಂಬುವುದೇ ಅದರ ಬದುಕು. ಸಿಗಡಿಗಳ ಮೊಟ್ಟೆ ಒಣ ಕೆಸರಿನಲ್ಲಿ ಕಾದು ಕೂತಿರುತ್ತವೆ. ಹಾಗಾಗಿ ಉಪ್ಪು ಕೆರೆ ಉಳಿಸುವುದು ಅಂದರೆ ಕಾಲುವೆ ತಂದು ವರ್ಷವಿಡೀ ತುಂಬಿಡುವುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಒಣಗುವ ಕಾಲಕ್ಕೆ ಒಣಗಬೇಕು, ಬರಬೇಕಾದ ನೀರು ಮಳೆಗಾಲದಲ್ಲಿ ಬರಬೇಕು. ಸಾಂಭರಿನಲ್ಲಿ ಕೆಟ್ಟದ್ದು ಎರಡನೆಯದು.

ಸತ್ತವು ಯಾವುವು, ಸತ್ತದ್ದು ಹೇಗೆ

ಸತ್ತವುಗಳಲ್ಲಿ ಸಲಿಕೆಯಂಥ ಅಗಲ ಕೊಕ್ಕಿನ ಬಾತುಗಳು ಬಹಳ ಇದ್ದವು. ಮೆಟ್ಟುಗಾಲು ಹಕ್ಕಿಗಳು, ಕೊಕ್ಕು ಮೇಲಕ್ಕೆ ಬಾಗಿದ ಕಪ್ಪು-ಬಿಳಿ ಆವೊಸೆಟ್‌ಗಳು, ಸಣ್ಣ ಟೀಲ್ ಬಾತುಗಳು, ಚಕ್ರವಾಕಗಳು ಕೂಡ ಇದ್ದವು. ಇವುಗಳಲ್ಲಿ ಹೆಚ್ಚಿನವು ತೆಳು ನೀರಿನಲ್ಲಿ, ಕೆಸರಿನ ಅಂಚಿನಲ್ಲಿ ಹುಳ ಹೆಕ್ಕುವವು ಅನ್ನುವುದನ್ನು ಗಮನಿಸಿ. ಪಶುವೈದ್ಯನಿಗೆ ಸತ್ತ ಪ್ರಾಣಿಯ ಪಟ್ಟಿ ನೋಡಿದ ಕೂಡಲೇ ಬರುವ ಮೊದಲ ಪ್ರಶ್ನೆ, ಇವೆಲ್ಲ ಏನು ತಿಂದವು ಅನ್ನುವುದು.

ಶುರುವಿನಲ್ಲಿ ಊಹೆಗಳಿಗೆ ಬರವಿರಲಿಲ್ಲ. ಹಕ್ಕಿಜ್ವರ ಅಂದರು. ನೀರಿಗೆ ವಿಷ ಸೇರಿದೆ ಅಂದರು. ಉಪ್ಪೇ ಮೈಗೇರಿ ಸತ್ತಿವೆ ಅಂದರು. ಹಕ್ಕಿಜ್ವರದ ಅನುಮಾನ ಮೊದಲು ಬರಬೇಕಾದದ್ದೇ, ಯಾಕೆಂದರೆ ಅದು ಕೋಳಿಗೂ ಮನುಷ್ಯರಿಗೂ ದಾಟುವ ಅಪಾಯ ಇದೆ. ಮಾದರಿಗಳು ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಹೋದವು, ಹಕ್ಕಿಜ್ವರ ಅಲ್ಲ ಅಂತ ಉತ್ತರ ಬಂತು. ಆಮೇಲೆ ಬರೇಲಿಯ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆ ಇದು ಬೊಟುಲಿಸಂ, ಅಂದರೆ ಒಂದು ಬ್ಯಾಕ್ಟೀರಿಯಾ ಮಾಡುವ ವಿಷದಿಂದ ಮೈ ಸ್ವಾಧೀನ ತಪ್ಪುವ ರೋಗ, ಅಂತ ಖಚಿತಪಡಿಸಿತು.

ಬದುಕಿದ್ದ ಹಕ್ಕಿಗಳನ್ನು ಸರಿಯಾಗಿ ನೋಡಿದವರಿಗೆ ಸುಳಿವು ಮೊದಲೇ ಇತ್ತು. ಜ್ವರ ಇಲ್ಲ. ಮೂಗು ಸೋರುತ್ತಿಲ್ಲ. ಉಸಿರು ಎಳೆಯುವ ಕಷ್ಟವೂ ಕಾಣುವುದಿಲ್ಲ. ಆದರೆ ಮೈಯಲ್ಲಿ ಕಸುವೇ ಇಲ್ಲ. ಮೊದಲು ರೆಕ್ಕೆ ಹೋಗುತ್ತದೆ. ಹಾರಲು ಆಗದ ಬಾತು ರೆಕ್ಕೆಯನ್ನೇ ದೋಣಿಯ ಹುಟ್ಟಿನ ಹಾಗೆ ನೀರಿಗೆ ಬಡಿಯುತ್ತಾ ಸಾಗುತ್ತದೆ. ಆಮೇಲೆ ಕಾಲು. ಕಣ್ಣಿನ ಒಳ ಮೂಲೆಯಿಂದ ಅಡ್ಡ ಸರಿಯುವ ತೆಳು ಪೊರೆ, ಅಂದರೆ ಮೂರನೇ ರೆಪ್ಪೆ, ಮುಟ್ಟಿದರೂ ಅಲುಗುವುದಿಲ್ಲ. ಕೊನೆಗೆ ಕುತ್ತಿಗೆ ಜೋತು ಬೀಳುತ್ತದೆ. ನೀರಿನ ಮೇಲಿದ್ದ ಬಾತಿಗೆ ತಲೆ ಎತ್ತಿಡಲು ಆಗುವುದಿಲ್ಲ, ಒಂದೆರಡು ಅಂಗುಲ ನೀರಿನಲ್ಲೇ ಮುಳುಗಿ ಸಾಯುತ್ತದೆ. ಕೊಯ್ದು ನೋಡಿದರೆ ಒಳಗೆ ಹೇಳಿಕೊಳ್ಳುವಂಥ ಗಾಯ ಇರುವುದಿಲ್ಲ. ಈ ಖಾಲಿತನವೇ ಒಂದು ಗುರುತು.

ವಿಷ ಕೆಲಸ ಮಾಡುವುದು ನರ ಮತ್ತು ಸ್ನಾಯು ಸೇರುವ ಜಾಗದಲ್ಲಿ. ನರ ಕಳಿಸುವ ಸಂದೇಶವನ್ನು ಅಲ್ಲೇ ತಡೆಯುತ್ತದೆ. ಸ್ನಾಯು ಚೆನ್ನಾಗಿಯೇ ಇರುತ್ತದೆ, ಆದರೆ ಅದಕ್ಕೆ ಹೇಳುವವರಿಲ್ಲ. ಉಸಿರಾಟದ ಸ್ನಾಯುವಿಗೆ ಹೀಗಾದರೆ ಕಥೆ ಮುಗಿದ ಹಾಗೆ.

ರೋಗ ಪತ್ತೆಯಲ್ಲಿ ಒಂದು ತೊಡಕಿದೆ. ನಮ್ಮ ಕಿರಿಯರಿಗೆ ಇದನ್ನು ಒತ್ತಿ ಹೇಳುತ್ತೇನೆ. ಎರಡು ದಿನ ಬಿಸಿಲಲ್ಲಿ ಬಿದ್ದ ಹೆಣದಲ್ಲಿ ಬೊಟುಲಿಸಂ ವಿಷ ಸಿಕ್ಕಿತು ಅಂದರೆ ಹಕ್ಕಿ ಅದರಿಂದಲೇ ಸತ್ತಿತು ಅಂತ ಅರ್ಥವಲ್ಲ. ಬೇರೆ ಕಾರಣಕ್ಕೆ ಸತ್ತ ಹಕ್ಕಿಯ ಹೆಣದಲ್ಲೂ ಆಮೇಲೆ ಆ ವಿಷ ಹುಟ್ಟಬಹುದು. ಹಾಗಾಗಿ ಇನ್ನೂ ಉಸಿರಾಡುತ್ತಿರುವ, ಕುತ್ತಿಗೆ ಬಿದ್ದ ಹಕ್ಕಿಯ ರಕ್ತ ಬೇಕು. ಇಲ್ಲವೇ ಆಗಷ್ಟೇ ಸತ್ತದ್ದನ್ನು ಐಸ್‌ನಲ್ಲಿಟ್ಟು ಕಳಿಸಬೇಕು. ಕೊಳೆತದ್ದನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕೊರಿಯರ್ ಮಾಡಿದರೆ ಪ್ರಯೋಗಾಲಯಕ್ಕೆ ವಾಸನೆ ಬಿಟ್ಟು ಬೇರೇನೂ ಸಿಗುವುದಿಲ್ಲ.

ಹೆಣ, ಹುಳ, ಮತ್ತೆ ಹೆಣ

ಈ ಪ್ರಕರಣದ ಹೃದಯ ಇಲ್ಲಿದೆ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕ್ಲಾಸ್ಟ್ರಿಡಿಯಂ ಬೊಟುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಕಗಳು, ಅಂದರೆ ಗಟ್ಟಿ ಕವಚದೊಳಗೆ ನಿದ್ದೆ ಹೋದ ಅದರ ರೂಪ, ಕೆರೆ ಕೆಸರಿನಲ್ಲಿ ಸುಮ್ನೆ ಬಿದ್ದಿರುತ್ತವೆ. ವರ್ಷಗಟ್ಟಲೆ ಇರುತ್ತವೆ, ಯಾರಿಗೂ ತೊಂದರೆ ಇಲ್ಲ. ಆರೋಗ್ಯವಾಗಿರುವ ಹಕ್ಕಿಯ ಹೊಟ್ಟೆಯಲ್ಲೂ ಇರಬಹುದು. ಅವು ಮೊಳೆತು ವಿಷ ಮಾಡಬೇಕಾದರೆ ಗಾಳಿ ತಾಗದ ಜಾಗ ಬೇಕು, ಬೆಚ್ಚಗಿರಬೇಕು, ತಿನ್ನಲು ಕೊಳೆತ ಮಾಂಸ ಬೇಕು. ಸತ್ತ ಹಕ್ಕಿಯ ಮೈ ಈ ಮೂರನ್ನೂ ಒಂದೇ ಕಡೆ ಒದಗಿಸುತ್ತದೆ.

ಒಂದು ಹಕ್ಕಿ ಯಾವುದೋ ಕಾರಣಕ್ಕೆ ಸತ್ತಿತು ಅಂದುಕೊಳ್ಳಿ. ಒಳಗಿದ್ದ ಬೀಜಕ ಮೊಳೆಯಿತು, ವಿಷ ತುಂಬಿತು. ನೊಣ ಬಂದು ಮೊಟ್ಟೆ ಇಟ್ಟಿತು. ನಾಲ್ಕು ದಿನದಲ್ಲಿ ಹೆಣದ ತುಂಬ ಬಿಳಿ ಹುಳ. ಹುಳ ಮಾಂಸದ ಜೊತೆಗೆ ವಿಷವನ್ನೂ ಮೈಯಲ್ಲಿ ತುಂಬಿಕೊಂಡಿತು. ಹಾದುಹೋಗುವ ಬಾತಿಗೆ ಆ ಹುಳ ಹಬ್ಬದೂಟ. ಮೂರು ನಾಲ್ಕು ಹುಳ ತಿಂದರೂ ಒಂದು ಬಾತು ಸಾಯಲು ಸಾಕು. ಒಂದು ಹೆಣದಲ್ಲಿ ಹುಳಗಳು ಸಾವಿರಗಟ್ಟಲೆ. ಲೆಕ್ಕ ನೀವೇ ಹಾಕಿ.

ಒಮ್ಮೆ ತರಬೇತಿಯಲ್ಲಿ ಭಾಲ್ಕಿ ಕಡೆಯ ಪಶುಸಖಿಯೊಬ್ಬರು ಕೈ ಎತ್ತಿದರು. "ಸಾಹೇಬ್ರೆ, ಹುಳ ತಿಂದ ಬಾತುಕೋಳಿ ಸಾಯ್ತದ ಅಂತೀರಿ. ಆ ವಿಷದಾಗೇ ಬಿದ್ದ ಹುಳ ಯಾಕ ಸಾಯಲ್ಲ?"

ಕಾಲೇಜಿನಲ್ಲಿ ಓದುವಾಗ ನಮ್ಮ ತರಗತಿಯಲ್ಲಿ ಯಾರೂ ಕೇಳದ ಪ್ರಶ್ನೆ ಅದು. ಉತ್ತರ ಸರಳ. ಈ ವಿಷ ತಟ್ಟುವುದು ಬೆನ್ನೆಲುಬು ಇರುವ ಪ್ರಾಣಿಗಳ ನರಕ್ಕೆ. ಹುಳಕ್ಕೆ ತಟ್ಟುವುದಿಲ್ಲ. "ಅಂದ್ರ ಹುಳ ಬರೇ ಡಬ್ಬಿ ಇದ್ದಂಗ, ವಿಷ ಹೊತ್ಕೊಂಡು ಹೋಗ್ತದ" ಅಂದರು ಅವರು. ನಾನು ಅರ್ಧ ಗಂಟೆ ಹೇಳಿದ್ದನ್ನು ಆಕೆ ಒಂದೇ ಮಾತಲ್ಲಿ ಮುಗಿಸಿದರು.

ಇದರಿಂದ ಸಾಂಭರಿನ ಲೆಕ್ಕ ಅರ್ಥವಾಗುತ್ತದೆ. ಬೊಟುಲಿಸಂ ಹಕ್ಕಿಯಿಂದ ಹಕ್ಕಿಗೆ ಸೀನಿನಲ್ಲಿ, ಉಸಿರಿನಲ್ಲಿ ಹರಡುವ ರೋಗವಲ್ಲ. ಹೆಣದ ಮೂಲಕವೇ ಹೆಚ್ಚುತ್ತದೆ. ಮೊದಲ ಕೆಲವು ದಿನ ಹೆಣ ಎತ್ತಿದರೆ ನೂರಕ್ಕೆ ನಿಲ್ಲಬಹುದು. ಬಿಟ್ಟರೆ ಸಾವಿರ, ಹತ್ತು ಸಾವಿರ. ಹಾಗಾಗಿ ಔಷಧಕ್ಕಿಂತ ಮೊದಲು ಬೇಕಾದದ್ದು ಕೈಗವಸು, ಮೊಣಕಾಲು ಬೂಟು, ದೋಣಿ, ಗುಂಡಿ. ಅಲ್ಲಿ ಕೊನೆಗೆ ಮಾಡಿದ್ದೂ ಅದನ್ನೇ. ವಿಪತ್ತು ನಿರ್ವಹಣೆಯ ತಂಡಗಳು ದೋಣಿಯಲ್ಲಿ ಹೋಗಿ ಹೆಣ ಹೆಕ್ಕಿದವು, ಆಳದ ಗುಂಡಿ ತೋಡಿ ಹೂತರು. ಬದುಕಿದ್ದವನ್ನು ಕಾಚರೋಡಾದ ನರ್ಸರಿಯಲ್ಲಿ ತೆರೆದ ತಾತ್ಕಾಲಿಕ ಕೇಂದ್ರಕ್ಕೆ ತಂದರು. ನೆರಳಿನಲ್ಲಿಟ್ಟು, ಸಿಹಿ ನೀರು ಕುಡಿಸಿ, ಕುತ್ತಿಗೆ ಬೀಳದಂತೆ ಆಸರೆ ಕೊಟ್ಟರೆ ವಿಷ ಕಡಿಮೆ ತಗುಲಿದ ಹಕ್ಕಿಗಳು ಎದ್ದು ನಿಲ್ಲುತ್ತವೆ. ಅಲ್ಲಿ ಚೇತರಿಸಿಕೊಂಡ ಹಕ್ಕಿಗಳನ್ನು ಆಮೇಲೆ ಹಾರಿಬಿಟ್ಟರು.

ಹೆಣ ಎತ್ತುವ ಮಾತು ಬಂದಾಗ ರಣಹದ್ದಿನ ನೆನಪಾಗುತ್ತದೆ. ಅಮೆರಿಕದ ಟರ್ಕಿ ರಣಹದ್ದಿಗೆ ಈ ವಿಷ ಅಷ್ಟಾಗಿ ತಟ್ಟುವುದಿಲ್ಲ ಅಂತ ಬಹಳ ಹಿಂದೆಯೇ ಕಂಡುಕೊಂಡಿದ್ದಾರೆ. ನಮ್ಮ ದೇಶದ ರಣಹದ್ದುಗಳು 1990ರ ದಶಕದಲ್ಲಿ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಚುಚ್ಚಿದ ದನದ ಹೆಣ ತಿಂದು ಹೆಚ್ಚುಕಡಿಮೆ ಇಲ್ಲವಾದವು. ಆ ಔಷಧವನ್ನು ದನಗಳಿಗೆ ಕೊಡುವುದನ್ನು 2006ರಲ್ಲಿ ನಿಲ್ಲಿಸಿದರು. ರಣಹದ್ದು ಇದ್ದಿದ್ದರೆ ಸಾಂಭರ್ ಉಳಿಯುತ್ತಿತ್ತು ಅಂತ ನಾನು ಹೇಳುತ್ತಿಲ್ಲ. ಆದರೆ ಬಯಲಿನಲ್ಲಿ ಬಿದ್ದ ಹೆಣ ತಾನಾಗಿಯೇ ಖಾಲಿಯಾಗುತ್ತಿದ್ದ ಕಾಲ ಒಂದಿತ್ತು, ಈಗ ಆ ಕೆಲಸ ಮನುಷ್ಯರೇ ಮಾಡಬೇಕು.

ಅಷ್ಟು ಉಪ್ಪಿನಲ್ಲಿ ಇದು ಬೆಳೆಯಿತೇ?

ಒಳ್ಳೆಯ ಪ್ರಶ್ನೆ. ಉಪ್ಪಿನಕಾಯಿ ಕೆಡದೇ ಇರುವುದು ಉಪ್ಪಿನಿಂದಲೇ ಅಲ್ವಾ? ತೀರಾ ಉಪ್ಪಾದ ನೀರಿನಲ್ಲಿ ಈ ಬ್ಯಾಕ್ಟೀರಿಯಾದ ಬೆಳವಣಿಗೆ ನಿಲ್ಲುತ್ತದೆ. ಹಾಗಾದರೆ ಸಾಂಭರಿನಲ್ಲಿ ಹೇಗೆ?

ಇದಕ್ಕೆ ಆ ವರ್ಷದ ಮಳೆ ನೋಡಬೇಕು. ವರ್ಷಗಟ್ಟಲೆ ಬಡಕಲಾಗಿದ್ದ ಕೆರೆಗೆ 2019ರ ಮಳೆಗಾಲದಲ್ಲಿ ಚೆನ್ನಾಗಿ ನೀರು ಬಂತು. ಎಷ್ಟೋ ಕಾಲದಿಂದ ಒಣಗಿದ್ದ ಅಂಚುಗಳವರೆಗೂ ನೀರು ಏರಿತು. ಹೊಸ ನೀರು ಬಂದ ಕಡೆ ಉಪ್ಪು ತೆಳುವಾಯಿತು. ಕಡಿಮೆ ಉಪ್ಪಿನಲ್ಲಿ ಬದುಕುವ ಹುಳ ಹುಪ್ಪಟೆ ಹೇರಳವಾಗಿ ಹುಟ್ಟಿದವು. ಅವನ್ನು ತಿನ್ನಲು ಚಳಿಗಾಲದ ಹಕ್ಕಿಗಳು ಬಂದವು. ಆಮೇಲೆ ನೀರು ಇಳಿಯತೊಡಗಿತು. ಇಳಿದಂತೆ ಉಪ್ಪು ಮತ್ತೆ ಏರುತ್ತದೆ, ತೆಳು ಉಪ್ಪಿಗೆ ಹೊಂದಿಕೊಂಡ ಹುಳಗಳು ಸಾಯುತ್ತವೆ, ಅಂಚಿನ ಕೆಸರಿನಲ್ಲಿ ಕೊಳೆಯುತ್ತವೆ, ಅಲ್ಲಿನ ಆಮ್ಲಜನಕ ಖಾಲಿಯಾಗುತ್ತದೆ. ನವೆಂಬರ್ ಶುರುವಿನಲ್ಲಿ ರಾಜಸ್ಥಾನದ ಹಗಲು ಇನ್ನೂ ಬಿಸಿಯಾಗಿಯೇ ಇರುತ್ತದೆ. ಬೀಜಕಕ್ಕೆ ಇನ್ನೇನು ಬೇಕು? ಇಡೀ ಕೆರೆ ಒಂದೇ ಉಪ್ಪಿನ ನೀರಲ್ಲ, ನಡುವೆ ಒಂದು, ಅಂಚಿನಲ್ಲಿ ಒಂದು, ಹೊಳೆ ಸೇರುವ ಕಡೆ ಇನ್ನೊಂದು. ನನ್ನ ತಿಳಿವಳಿಕೆಯಲ್ಲಿ ಸಾವಿನ ಮೂಲ ಈ ಏರಿಳಿತದ ಅಂಚಿನಲ್ಲಿದೆ.

ಇದೇ ಕಥೆ ನೂರು ವರ್ಷದ ಹಿಂದೆ ಅಮೆರಿಕದ ಯೂಟಾದಲ್ಲಿ ನಡೆದಿತ್ತು. ಅಲ್ಲಿನ ಗ್ರೇಟ್ ಸಾಲ್ಟ್ ಲೇಕ್ ಕೂಡ ಹೊರದಾರಿ ಇಲ್ಲದ ಉಪ್ಪು ಸರೋವರ. 1910ರಲ್ಲಿ ಅದರ ಸುತ್ತ ಬಾತುಗಳು ಲಕ್ಷಗಟ್ಟಲೆ ಸತ್ತವು. ಬಹಳ ಕಾಲ ಅದು ಕ್ಷಾರದ ವಿಷ ಅಂತ ನಂಬಿದ್ದರು. ನೀರು ನೋಡಿದರೆ ಹಾಗೇ ಅನಿಸುತ್ತದೆ, ಪಾಪ. ಬೊಟುಲಿಸಂ ಅಂತ ಗೊತ್ತಾದದ್ದು 1930ರ ಹೊತ್ತಿಗೆ. ಅಷ್ಟರೊಳಗೆ, 1928ರಲ್ಲಿ, ಬೇರ್ ನದಿ ಆ ಸರೋವರ ಸೇರುವ ಕಡೆ ಒಂದು ಪಕ್ಷಿಧಾಮ ಮಾಡಲು ಕಾನೂನು ತಂದಿದ್ದರು. ಅಲ್ಲಿ ಒಡ್ಡು ಮತ್ತು ತೂಬುಗಳನ್ನು ಕಟ್ಟಿ ನೀರಿನ ಮಟ್ಟವನ್ನು ಕೈಯಲ್ಲಿ ಇಟ್ಟುಕೊಂಡರು. ರೋಗದ ಸರಿಯಾದ ಹೆಸರು ಗೊತ್ತಿಲ್ಲದಾಗಲೇ ನೀರಿನ ಕಡೆ ಕೈ ಹಾಕಿದ್ದರು. ನಾವು ಹೆಸರು ಗೊತ್ತಾದ ಮೇಲೆ ನೀರಿನ ಮಾತು ಬಿಟ್ಟೆವು.

ಸಾಂಭರಿನ ನೀರಿಗೆ ಏನಾಗಿದೆ ಅನ್ನುವುದು ಗುಟ್ಟಲ್ಲ. ಹೊಳೆಗಳ ದಾರಿಯಲ್ಲಿ ಚೆಕ್ ಡ್ಯಾಂ, ಬಾಂದಾರ. ಹೊಲಗಳಲ್ಲಿ ಕೊಳವೆಬಾವಿ. ಇವು ಒಂದೊಂದಾಗಿ ನೋಡಿದರೆ ತಪ್ಪಲ್ಲ, ನಮ್ಮ ಔರಾದಿನಲ್ಲೂ ಚೆಕ್ ಡ್ಯಾಂ ಕಟ್ಟಿದರೆ ನಾವೇ ತೆಂಗಿನಕಾಯಿ ಒಡೆಯುತ್ತೇವೆ. ಆದರೆ ಹೊರದಾರಿ ಇಲ್ಲದ ಕೆರೆಗೆ ಮೇಲಿನ ನೀರೇ ಜೀವ. ಅದು ಕೆಲವು ವರ್ಷ ಬಾರದೇ, ಒಂದು ವರ್ಷ ದಡಬಡ ಬಂದರೆ ಏರಿಳಿತ ಮೊದಲಿಗಿಂತ ಜೋರಾಗುತ್ತದೆ. ಇದರ ಜೊತೆಗೆ ಕೆರೆಯ ತಳದ ಉಪ್ಪುನೀರನ್ನೇ ಕೊಳವೆ ಹಾಕಿ ಎತ್ತುವ ಅಕ್ರಮ ದಂಧೆ ಇದೆ. ಮೈಲುಗಟ್ಟಲೆ ಪೈಪು, ಕೇಬಲ್ಲು ಎಳೆದು ಪಂಪು ಹಚ್ಚುತ್ತಾರೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೂ ಈ ವಿಷಯ ಹೋಗಿದೆ.

ಕೆರೆ ಯಾರದು?

ಉಪ್ಪು ಇರುವ ಕಡೆ ಒಡೆತನದ ಜಗಳ ಇದ್ದೇ ಇರುತ್ತದೆ. ಮೊದಲು ಸಾಂಭರ್ ಜೈಪುರ ಮತ್ತು ಜೋಧಪುರ ಸಂಸ್ಥಾನಗಳ ಜಂಟಿ ಸೊತ್ತು. 1870ರಲ್ಲಿ ಬ್ರಿಟಿಷರು ಇಬ್ಬರಿಂದಲೂ ಗುತ್ತಿಗೆಗೆ ತೆಗೆದುಕೊಂಡರು. ಸ್ವಾತಂತ್ರ್ಯದ ನಂತರ, 1964ರಲ್ಲಿ, ಕೇಂದ್ರ ಸರ್ಕಾರದ ಕಂಪನಿ ಹಿಂದೂಸ್ತಾನ್ ಸಾಲ್ಟ್ಸ್ ಮತ್ತು ರಾಜಸ್ಥಾನ ಸರ್ಕಾರ ಸೇರಿ ಸಾಂಭರ್ ಸಾಲ್ಟ್ಸ್ ಎಂಬ ಕಂಪನಿ ಆಯಿತು. ಸುಮಾರು ಐದು ಕಿಲೋಮೀಟರ್ ಉದ್ದದ ಒಂದು ಕಲ್ಲಿನ ಒಡ್ಡು ಕೆರೆಯನ್ನು ಸೀಳುತ್ತದೆ. ಪಶ್ಚಿಮದಲ್ಲಿ ಕೆರೆ, ಪೂರ್ವದಲ್ಲಿ ಉಪ್ಪಿನ ಮಡಿಗಳು.

1990ರ ಮಾರ್ಚ್‌ನಲ್ಲಿ ಸಾಂಭರ್ ರಾಮ್ಸಾರ್ ತಾಣವಾಯಿತು, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಪಟ್ಟಿಗೆ ಸೇರಿದ ಮಾತ್ರಕ್ಕೆ ಕಾವಲುಗಾರ ಬರುವುದಿಲ್ಲ. 2017ರ ಜೌಗು ಪ್ರದೇಶ ನಿಯಮಗಳು ರಾಮ್ಸಾರ್ ತಾಣಗಳಿಗೆ ಅನ್ವಯಿಸುತ್ತವೆ. ಆದರೆ ಅದೇ ನಿಯಮಗಳ ವ್ಯಾಖ್ಯೆಯಲ್ಲಿ ಉಪ್ಪು ತಯಾರಿಕೆಗೆಂದೇ ಕಟ್ಟಿದ್ದು, ನೀರಾವರಿಗೆಂದೇ ಕಟ್ಟಿದ್ದು ಜೌಗು ಪ್ರದೇಶವೇ ಅಲ್ಲ. ಒಂದೇ ನೀರಿನ ಹರವು, ನಡುವೆ ಒಂದು ಒಡ್ಡು. ಈ ಕಡೆ ಕಾನೂನು ಇದೆ, ಆ ಕಡೆ ಇಲ್ಲ. ಬಾತಿಗೆ ಇದನ್ನು ಯಾರು ತಿಳಿಸಬೇಕು?

ಕೆರೆ ಜೈಪುರ, ಅಜ್ಮೇರ್, ನಾಗೌರ್ ಎಂಬ ಮೂರು ಜಿಲ್ಲೆಗಳ ಗಡಿಗೆ ಹರಡಿತ್ತು. ಉಪ್ಪು ಒಬ್ಬರದು, ಹಕ್ಕಿ ಅರಣ್ಯ ಇಲಾಖೆಯದು, ರೋಗ ಪಶುಸಂಗೋಪನೆಯದು, ನೆಲ ಕಂದಾಯದ್ದು. ಇಷ್ಟು ಜನ ಇರುವ ಕಡೆ ಹೆಣ ಯಾರದು ಅಂತ ಕೇಳಿದರೆ ಎಲ್ಲರೂ ಪಕ್ಕದವರ ಮುಖ ನೋಡುತ್ತಾರೆ. ರಾಜಸ್ಥಾನ ಹೈಕೋರ್ಟ್ ತಾನಾಗಿಯೇ ಪ್ರಕರಣ ಎತ್ತಿಕೊಂಡ ಮೇಲೆ ಕೆಲಸ ಚುರುಕಾಯಿತು ಅನ್ನುವುದೇ ಹೇಳುತ್ತದೆ, ಮೊದಲ ದಿನ ಹೊಣೆ ಯಾರ ಹೆಸರಲ್ಲೂ ಇರಲಿಲ್ಲ ಅಂತ. ಇಲಾಖೆಗಳಲ್ಲಿ ದುಡಿಯುವವರನ್ನು ನಾನು ಬೈಯುತ್ತಿಲ್ಲ. ನಾನೂ ಅದೇ ಕುಲದವನು. ಬಯಲಿನಲ್ಲಿ ಕೆಸರು ತುಳಿದು ಹೆಣ ಹೆಕ್ಕಿದವರೂ ಅವರೇ. ಆದರೆ ಕಾಗದದ ಮೇಲೆ ಹೆಸರಿಲ್ಲದ ಕೆಲಸಕ್ಕೆ ವಾಹನ, ಡೀಸೆಲ್, ಕೂಲಿ ಯಾವುದೂ ಬರುವುದಿಲ್ಲ.

2024ರ ಅಕ್ಟೋಬರ್, ನವೆಂಬರ್‌ನಲ್ಲಿ ಸಾಂಭರಿನಲ್ಲಿ ಮತ್ತೆ ಹಕ್ಕಿಗಳು ಸತ್ತವು. ಈ ಸಲ ಲೆಕ್ಕ ನೂರರಲ್ಲಿ ಇತ್ತು, ಸಾವಿರಕ್ಕೆ ಹೋಗಲಿಲ್ಲ. ಬೀಜಕ ಕೆಸರಿನಲ್ಲಿ ಇರುವವರೆಗೂ ಇದು ಮತ್ತೆ ಮತ್ತೆ ತಲೆ ಎತ್ತುತ್ತದೆ, ಅದನ್ನು ಬೇರು ಸಮೇತ ಕೀಳಲು ಆಗುವುದಿಲ್ಲ. ನೂರಕ್ಕೆ ನಿಲ್ಲಿಸುವುದೇ ಗೆಲುವು.

ನಮ್ಮ ಕಡೆಗೆ ಬಂದರೆ

ಬೀದರಿನ ಜಂಬಿಟ್ಟಿಗೆ ನೆಲದ ಮೇವಿನಲ್ಲಿ ರಂಜಕ (ಫಾಸ್ಫರಸ್) ಕಡಿಮೆ. ರಂಜಕ ಸಾಲದ ದನ ಮಣ್ಣು ನೆಕ್ಕುತ್ತದೆ, ಚಪ್ಪಲಿ ಅಗಿಯುತ್ತದೆ, ಬಯಲಲ್ಲಿ ಬಿದ್ದ ಎಲುಬು ಕಡಿಯುತ್ತದೆ. ಆ ಎಲುಬಿಗೆ ಅಂಟಿದ ಕೊಳೆತ ಮಾಂಸದಲ್ಲಿ ಬೊಟುಲಿಸಂ ವಿಷ ಇದ್ದರೆ ದನ ಮೊದಲು ತಡವರಿಸುತ್ತದೆ, ಆಮೇಲೆ ಮಲಗುತ್ತದೆ, ನಾಲಗೆ ಹೊರಗೆ ಜೋತು ಬೀಳುತ್ತದೆ, ಎಳೆದು ಬಿಟ್ಟರೂ ಒಳಗೆ ತೆಗೆದುಕೊಳ್ಳುವುದಿಲ್ಲ. ಜ್ವರ ಇರುವುದಿಲ್ಲ. ಹಾವು ಕಚ್ಚಿದೆ ಅಂತ ಮಂತ್ರ ಹಾಕಿಸುವವರೂ ಇದ್ದಾರೆ. ದೇವಣಿ ಹಸು ಸಾಕಿದವರಿಗೆ ನಾನು ಹೇಳುವುದು ಎರಡೇ ಮಾತು. ಮಿನರಲ್ ಮಿಕ್ಸ್ಚರ್ ನಿಲ್ಲಿಸಬೇಡಿ. ಸತ್ತ ದನವನ್ನು ಊರ ಹೊರಗೆ ಎಸೆದು ಬರಬೇಡಿ, ಹೂಳಿ. ಸಾಂಭರಿನ ಬಾತೂ ನಮ್ಮ ಹಸುವೂ ಸಾಯುವುದು ಎತ್ತದೇ ಬಿಟ್ಟ ಹೆಣದಿಂದಲೇ.

ಕಾರಂಜಾದ ಹಿನ್ನೀರು ಚಳಿಗಾಲ ಕಳೆದಂತೆ ಇಳಿಯುತ್ತದೆ, ಅಂಚಿನಲ್ಲಿ ಕೆಸರು ತೆರೆದುಕೊಳ್ಳುತ್ತದೆ. ಅಲ್ಲೂ ಬಾತುಗಳು, ಮೆಟ್ಟುಗಾಲು ಹಕ್ಕಿಗಳು ಇರುತ್ತವೆ. ಬೊಟುಲಿಸಂಗೆ ಉಪ್ಪು ನೀರೇ ಬೇಕು ಅಂತಿಲ್ಲ. ಹಾಗಂತ ಹೆದರಿಸುತ್ತಿಲ್ಲ. ನೀರಿನ ಅಂಚಿಗೆ ದಿನಾ ಹೋಗುವವರು ಮೀನು ಹಿಡಿಯುವವರು ಮತ್ತು ಕುರಿ ಕಾಯುವವರು. ಒಂದೇ ಕಡೆ ನಾಲ್ಕೈದು ಹಕ್ಕಿ ಸತ್ತದ್ದು ಅಥವಾ ಹಾರಲಾರದೇ ಕುತ್ತಿಗೆ ಚಾಚಿ ಬಿದ್ದದ್ದು ಕಂಡರೆ ಅವರು ಯಾರಿಗೆ ಫೋನ್ ಮಾಡಬೇಕು ಅನ್ನುವುದು ಮೊದಲೇ ಗೊತ್ತಿರಬೇಕು. ಹತ್ತಿರದ ಪಶು ಆಸ್ಪತ್ರೆ ಮತ್ತು ಅರಣ್ಯ 'ಗಾರ್ಡ್' ಇಬ್ಬರ ನಂಬರೂ ಪಂಚಾಯಿತಿ ಗೋಡೆಯ ಮೇಲೆ ಬರೆದಿದ್ದರೆ ಸಾಕು. ಬರಿಗೈಯಲ್ಲಿ ಮುಟ್ಟಬಾರದು. ಹಕ್ಕಿಜ್ವರ ಅಲ್ಲ ಅಂತ ಪ್ರಯೋಗಾಲಯ ಹೇಳುವವರೆಗೆ ಅದು ಹಕ್ಕಿಜ್ವರ ಅಂತಲೇ ತಿಳಿದು ನಡೆದುಕೊಳ್ಳಬೇಕು. ಆ ಹಕ್ಕಿಯನ್ನು ಮನೆಗೆ ಒಯ್ದು ಸಾರು ಮಾಡುವ ಯೋಚನೆಯಂತೂ ಬೇಡವೇ ಬೇಡ.

ಗುಂಡಿ ಎಲ್ಲಿ ತೋಡಬೇಕು ಅನ್ನುವುದನ್ನು ಹಕ್ಕಿ ಬರುವ ಮೊದಲೇ, ಅಕ್ಟೋಬರಿನಲ್ಲೇ ಗೊತ್ತು ಮಾಡಿಕೊಳ್ಳಬೇಕು. ನೀರು ಮತ್ತೆ ಏರಿ ಮುಟ್ಟದ ಎತ್ತರದಲ್ಲಿ, ಕುಡಿಯುವ ಬಾವಿಯಿಂದ ದೂರದಲ್ಲಿ, ನಾಯಿ ಕೆದರದಷ್ಟು ಆಳದಲ್ಲಿ, ಟ್ರ್ಯಾಕ್ಟರ್ ಹೋಗುವ ದಾರಿ ಇರುವ ಕಡೆ. ಸುಣ್ಣದ ಎರಡು ಚೀಲ ಪಂಚಾಯಿತಿಯ ಗೋದಾಮಿನಲ್ಲಿ ಇರಲಿ. ಬಿಲ್ಲು ಯಾವ ಲೆಕ್ಕಕ್ಕೆ ಹಾಕಬೇಕು ಅಂತ ಪಿಡಿಒ ಕೇಳಿಯೇ ಕೇಳುತ್ತಾರೆ, ಅದನ್ನೂ ಅಕ್ಟೋಬರಿನಲ್ಲೇ ಬಗೆಹರಿಸಿಕೊಳ್ಳಿ.